ಗೈರುಹಾಜರಿಯ ನಲವತ್ತೆರಡು ದಿನ

ಹೊನ್ನೂರಮ್ಮ ಮತ್ತೆ ಗಿರಣಿಗೆ ಹೋದದ್ದು ೧೯೭೯ರ ಸೆಪ್ಟೆಂಬರ್ ಹದಿನೆಂಟು, ಮಂಗಳವಾರ, ಮೊದಲ ಪಾಳಿಗೆ. ಕಾವಲುಗಾರ ಗಾದ್ರಪ್ಪ ಅವಳನ್ನು ಕಂಡು ಎದ್ದು ನಿಂತ. ಆಮೇಲೆ ಆಳುಗಳ ಹಾಜರಿ ಬಿಲ್ಲೆ ತೂಗುಹಾಕುವ ಹಲಗೆಯ ಕಡೆ ತಿರುಗಿದ. ಅವಳ ನಂಬರಿನ ಅರವತ್ತೊಂದನೆಯ ಮೊಳೆ ಖಾಲಿಯಾಗಿತ್ತು.

"ನಿನ್ನ ಬಿಲ್ಲೆ ಇಲ್ಲಿಲ್ಲ ಕಣವ್ವ. ಆಫೀಸಿನಾಗೆ ಕೇಳ್ಬೇಕಂತೆ," ಎಂದ.

ಜಗಳೂರಿನಿಂದ ಎರಡು ಮೈಲಿ ಆಚೆ, ಬಯಲಿನಲ್ಲಿ ಒಂಟಿಯಾಗಿದ್ದ ಆ ನೂಲಿನ ಗಿರಣಿಯಲ್ಲಿ ಅವಳಿಗೆ ಆರು ವರ್ಷ ಸರ್ವಿಸ್ ಆಗಿತ್ತು. ಮೊದಲೆರಡು ವರ್ಷ ಬದಲಿ ಆಳು. ಅಂದರೆ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು, ಒಳಗೆ ಯಾರಾದರೂ ಬಂದಿಲ್ಲವೆಂದರೆ ಅವರ ಜಾಗದಲ್ಲಿ ಆ ಹೊತ್ತಿಗೆ ದುಡಿಯುವುದು. ಆಮೇಲೆ ಕಾಯಂ ಆಯಿತು. ರೀಲಿಂಗ್ ಖಾತೆಯಲ್ಲಿ ನೂಲನ್ನು ಲಡಿಗೆ ಸುತ್ತುವ ಕೆಲಸ. ಎಳೆ ಹರಿದರೆ ಗಂಟು ಹಾಕುವುದರಲ್ಲಿ ಅವಳ ಬೆರಳಿಗೆ ಸರಿಸಮನಾದ ಬೆರಳು ಆ ಖಾತೆಯಲ್ಲಿ ಇರಲಿಲ್ಲ. ತವರೂರಾದ ಸೊಕ್ಕೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದ್ದಳು. ಗಿರಣಿಯ ನೋಟೀಸುಗಳನ್ನು ಅಕ್ಷರ ಕೂಡಿಸಿಕೊಂಡು ಓದಿ ಉಳಿದ ಹೆಂಗಸರಿಗೆ ಹೇಳುತ್ತಿದ್ದವಳು ಅವಳೇ.

ಆಫೀಸಿನಲ್ಲಿ ಗುಮಾಸ್ತ ಮರುಳಪ್ಪ ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು ಕೂತಿದ್ದ. ತ್ಯಾವಣಿಗೆಯ ಕಡೆಯವನು, ನಲವತ್ತರ ಆಸುಪಾಸು. ಅಚ್ಚು ಹಾಕಿದಂಥ ಅಕ್ಷರ. ಓದುಬರಹ ಬಾರದವರಿಗೆ ಅರ್ಜಿ ಬರೆದುಕೊಡುವುದರಲ್ಲಿ ಎಂದೂ ಬೇಸರ ಮಾಡಿಕೊಂಡವನಲ್ಲ. ಜೂನ್ ಕೊನೆಯಲ್ಲಿ ಹೊನ್ನೂರಮ್ಮನ ಹೆರಿಗೆ ರಜೆಯ ಅರ್ಜಿಯನ್ನು ಬರೆದವನೂ ಅವನೇ. ಹೆರಿಗೆಗೆ ಮುಂಚೆ ಆರು ವಾರ, ಆದಮೇಲೆ ಆರು ವಾರ.

"ಕೂತ್ಕಳವ್ವ," ಎಂದ. ಅವಳು ಕೂರಲಿಲ್ಲ.

"ವಿಷಯ ಗೊತ್ತಾತು. ಬಾಳ ಬೇಜಾರಾತು. ಆದ್ರೆ ನೀನು ಒಂದು ಮಾತು ಹೇಳಿಕಳಿಸ್ಬೇಕಿತ್ತಲ್ಲ."

"ಏನಂತ ಸಾರ್?"

ಅವನು ಪುಸ್ತಕವನ್ನು ಅವಳ ಕಡೆ ತಿರುಗಿಸಿದ. ಅವಳ ಹೆಸರಿನ ಮುಂದೆ ಆಗಸ್ಟ್ ಆರರವರೆಗೆ ನೀಲಿ ಶಾಯಿಯಲ್ಲಿ 'ಹೆ.ರ.' ಎಂದು ಬರೆದಿತ್ತು. ಏಳರಿಂದ ಮುಂದಕ್ಕೆ, ಮಂಗಳವಾರದಿಂದ ನಿನ್ನೆ ಮುಗಿದ ಸೋಮವಾರದವರೆಗೆ, ಪ್ರತಿ ಮನೆಯಲ್ಲೂ ಕೆಂಪು ಶಾಯಿಯಲ್ಲಿ 'ಗೈ' ಎಂದಿತ್ತು. ನಲವತ್ತೆರಡು ಮನೆ. ಒಂದೊಂದೂ ಒಂದೇ ಅಳತೆಯ ಅಕ್ಷರ.

"ಹೆರಿಗೆ ಆದಮೇಲಿನ ರಜ ಕೊಡೋದು ಮಗು ನೋಡ್ಕಳಾಕೆ. ಮಗು ಇಲ್ಲ ಅಂದಮೇಲೆ ಆ ರಜ ಅಲ್ಲಿಗೆ ಮುಗೀತು. ಅವತ್ತಿಂದ ನೀನು ಹೇಳದೆ ಕೇಳದೆ ಗೈರುಹಾಜರು. ಹತ್ತು ದಿನಕ್ಕಿಂತ ಹೆಚ್ಗೆ ಗೈರಾದ್ರೆ ಕಾಯಂ ಪಟ್ಟಿಯಿಂದ ಹೆಸರು ತೆಗೀಬೇಕು. ತೆಗೆದೀವಿ. ಈಗ ನೀನು ಬದಲಿ."

ಹೊನ್ನೂರಮ್ಮ ಆ ಕೆಂಪು ಸಾಲನ್ನು ನೋಡುತ್ತಲೇ ನಿಂತಳು.

ಶ್ರಾವಣದ ಎರಡನೆಯ ಸೋಮವಾರ ಸಂಜೆ ನೋವು ಕಾಣಿಸಿಕೊಂಡಿತ್ತು. ಗಂಡ ಪಾಪಣ್ಣ ಎತ್ತಿನ ಗಾಡಿ ಕಟ್ಟಿಸಿ ಆಸ್ಪತ್ರೆಗೆ ಕರೆದೊಯ್ದ. ನರ್ಸಮ್ಮ ಎಷ್ಟು ಸಲ ಬೆನ್ನು ತಟ್ಟಿದರೂ ಮಗು ಅಳಲಿಲ್ಲ. ಹೆಣ್ಣು. ಹೊಟ್ಟೆಯೊಳಗೇ ಉಸಿರು ನಿಂತು ಒಂದು ದಿನವಾಗಿರಬಹುದು ಎಂದರು. ಹೊನ್ನೂರಮ್ಮ ಕೈ ಚಾಚಿದಾಗ ಒಂದು ಗಳಿಗೆ ಕೊಟ್ಟರು, ಆಮೇಲೆ ಪಾಪಣ್ಣ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದ. ಮೂರನೆಯ ದಿನ ಎದೆ ತುಂಬಿ ಕಲ್ಲಿನ ಹಾಗಾಯಿತು. ಕುಡಿಯುವವರಿಲ್ಲದ ಹಾಲು ರವಿಕೆಯನ್ನು ನೆನೆಸುತ್ತಿತ್ತು. ಅತ್ತೆ ಉಡಚಮ್ಮ ಹಳೆಯ ಪಂಚೆ ಹರಿದು ಎದೆಗೆ ಬಿಗಿಯಾಗಿ ಕಟ್ಟಿದಳು. ಮಲ್ಲಿಗೆ ಹೂ ಇಟ್ಟು ಕಟ್ಟಿದರೆ ಹಾಲು ಬತ್ತುತ್ತದೆಂದು ಯಾರೋ ಹೇಳಿದ್ದಕ್ಕೆ ಎಲ್ಲಿಂದಲೋ ಒಂದು ಮೊಳ ತಂದಳು. ಬಾಣಂತಿಯ ನೀರು, ಬಾಣಂತಿಯ ಖಾರ, ಎಲ್ಲವೂ ನಡೆಯಿತು. ತೊಟ್ಟಿಲೊಂದು ಇರಲಿಲ್ಲ, ಅಷ್ಟೇ.

ಆ ನಲವತ್ತೆರಡು ದಿನವೇ ಈ ಕೆಂಪು ಅಕ್ಷರಗಳು.

"ಈಗ ಏನು ಮಾಡ್ಬೇಕು ಸಾರ್?" ಎಂದಳು.

ಮರುಳಪ್ಪನಿಗೆ ಇದರ ಪರಿಹಾರವೂ ಗೊತ್ತಿತ್ತು. ಅದನ್ನು ಸಂಕೋಚವಿಲ್ಲದೆ, ಉಪಕಾರ ಮಾಡುವವನ ಹಾಗೆಯೇ ಹೇಳಿದ. "ಕಾಯಿಲೆ ಇತ್ತು, ಅದಕ್ಕೆ ತಿಳಿಸಾಕೆ ಆಗ್ಲಿಲ್ಲ, ತಪ್ಪಾತು, ಅಂತ ಒಂದು ಕಾಗದ ಬರೀತೀನಿ. ಹೆಬ್ಬೆಟ್ಟೋ ಸಹಿನೋ ಹಾಕು. ಮ್ಯಾನೇಜರಿಗೆ ನಾನು ಹೇಳ್ತೀನಿ. ಒಂದು ವಾರದಾಗೆ ಮತ್ತೆ ಕಾಯಂ ಮಾಡಿಸ್ಕೊಡ್ತೀನಿ. ಆ ದಿನದ ಸಂಬಳ ಬರಲ್ಲ, ಅದೊಂದು ಬಿಡು."

ಅವಳು ಪುಸ್ತಕವನ್ನು ಮತ್ತೆ ಅವನ ಕಡೆ ತಿರುಗಿಸಿಟ್ಟಳು. "ನನಗೆ ಕಾಯಿಲೆ ಇರ್ಲಿಲ್ಲ ಸಾರ್. ಹಡೆದಿದ್ದೆ," ಎಂದು ಹೇಳಿ ಹೊರಗೆ ಬಂದಳು.

ಅವತ್ತು ಅವಳಿಗೆ ಕೆಲಸ ಸಿಗಲಿಲ್ಲ. ಬಿಸಿಲೇರುವ ತನಕ ಬದಲಿ ಆಳುಗಳ ಜೊತೆ ಗೇಟಿನ ಹತ್ತಿರ ನಿಂತು, ತಂದ ಬುತ್ತಿಯನ್ನು ಹಾಗೇ ಹೊತ್ತು ಮನೆಗೆ ನಡೆದಳು.

ಸಂಜೆ ಪಾಪಣ್ಣ ಬಂದ. ರಸ್ತೆಗೆ ಜಲ್ಲಿ ಹಾಕುವ ಗ್ಯಾಂಗಿನಲ್ಲಿ ಅವನ ಕೆಲಸ. ಎಲ್ಲ ಕೇಳಿ, "ಬರಕೊಟ್ರೆ ಏನಾಗ್ತೈತೆ? ಒಂದು ಸಾಲು. ಕಾಯಿಲೆ ಅಂದ್ರೂ ಅಷ್ಟೆ, ಇನ್ನೊಂದು ಅಂದ್ರೂ ಅಷ್ಟೆ. ಕಾಯಂ ಕೆಲಸ ಕಳ್ಕಂಡು ಏನು ಮಾಡ್ತಿ?" ಎಂದ.

"ತಪ್ಪಾತು ಅಂತಾನೂ ಬರೀಬೇಕಂತೆ. ಏನು ತಪ್ಪು ಮಾಡೀನಿ ಹೇಳು."

"ತಪ್ಪು ಮಾಡೀ ಅಂತ ನಾನೆಲ್ಲಿ ಅಂದೆ? ಮುಗಿದೋದದ್ದನ್ನ ಎಷ್ಟು ದಿನ ಹಿಡ್ಕಂಡು ಕೂರ್ತಿ ಅಂತ."

ಹೊನ್ನೂರಮ್ಮನಿಗೆ ಸಿಟ್ಟು ಬಂದದ್ದು ಆಗಲೇ. ಮುಗಿದುಹೋಯಿತು ಎನ್ನಲು ಅದು ಶುರುವಾಗಿದ್ದನ್ನಾದರೂ ಯಾರಾದರೂ ಒಪ್ಪಿಕೊಳ್ಳಬೇಕಲ್ಲ. ಬೀದಿಯವರು ಬಂದು, ದೇವರು ಕೊಟ್ಟರೆ ಇನ್ನೊಂದು ಆಗುತ್ತದೆ ಬಿಡು ಎಂದು ಹೋಗಿದ್ದರು. ಒಂದು ಆಗಿತ್ತು ಎಂದು ಯಾರೂ ಹೇಳಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ಬರಲಿಲ್ಲ. "ನಾನು ಬರಕೊಡಲ್ಲ," ಎಂದಷ್ಟೇ ಹೇಳಿದಳು.

ಉಡಚಮ್ಮ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಗಂಡಹೆಂಡಿರ ಮಾತಿಗೆ ಬಾಯಿ ಹಾಕುವವಳಲ್ಲ. ರೊಟ್ಟಿಯನ್ನು ಹಂಚಿಗೆ ಹಾಕಿ ಮಗನ ಕಡೆ ನೋಡದೆಯೇ ಹೇಳಿದಳು.

"ಉಡಚಮ್ಮಗೆ ಐದು ಮಕ್ಳು ಅಂತಾರೆ ಜನ. ನಾನು ಹಡೆದಿದ್ದು ಎಂಟು ಕಣಪ್ಪ. ನಿನಗಿಂತ ಮುಂಚೆ ಎರಡು, ನಿನ್ನ ತಂಗಿ ಆದಮೇಲೆ ಒಂದು. ಒಂದಿನಾನೂ ಯಾರೂ ಎಂಟು ಅಂತ ಲೆಕ್ಕ ಹೇಳ್ಲಿಲ್ಲ. ನಾನೂ ಸುಮ್ಕಿದ್ದೆ. ಅವಳ ಪಾಡಿಗೆ ಅವಳನ್ನ ಬಿಡು. ಹೆಂಗೋ ಆಗ್ತೈತೆ."

ಪಾಪಣ್ಣ ತಾಯಿಯನ್ನು ನೋಡುತ್ತ ಕೂತ. ತನಗಿಂತ ಮುಂಚೆ ಇಬ್ಬರಿದ್ದರು ಎಂಬುದು ಅವನಿಗೆ ಗೊತ್ತಾದದ್ದು ಅವತ್ತೇ.

ಮೂರು ವಾರ ಹಾಗೇ ನಡೆಯಿತು. ವಾರದಲ್ಲಿ ಎರಡು ದಿನ, ಹೆಚ್ಚೆಂದರೆ ಮೂರು ದಿನ ಕೆಲಸ. ಒಳಗೆ ಅವಳ ಯಂತ್ರದಲ್ಲಿ ಹೊಸ ಹುಡುಗಿಯೊಬ್ಬಳು ಎಳೆ ಹರಿದಾಗಲೆಲ್ಲ ಪರದಾಡುತ್ತಿದ್ದಳು. ಹೊನ್ನೂರಮ್ಮ ಪಕ್ಕದಲ್ಲಿದ್ದರೆ ಎದ್ದುಹೋಗಿ ಗಂಟು ಹಾಕಿಕೊಡುತ್ತಿದ್ದಳು. ಅವಳು ಆಫೀಸಿನ ಮುಂದೆ ಹಾದುಹೋಗುವಾಗಲೆಲ್ಲ ಮರುಳಪ್ಪ ತಲೆಯೆತ್ತುತ್ತಿದ್ದ. ಆ ಕಾಗದವನ್ನು ಅವನು ಬರೆದೇ ಇಟ್ಟಿದ್ದ. ಸಹಿಗೆ ಜಾಗ ಬಿಟ್ಟು ಮೇಜಿನ ಖಾನೆಯಲ್ಲಿಟ್ಟಿದ್ದ.

ಅಕ್ಟೋಬರ್ ಎರಡನೆಯ ವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಅವಳು ತಾನಾಗಿಯೇ ಆಫೀಸಿಗೆ ಬಂದಳು. ಸಹಿ ಹಾಕಲು ಬಂದಳೆಂದುಕೊಂಡು ಮರುಳಪ್ಪ ಖಾನೆಗೆ ಕೈ ಹಾಕಿದ.

"ಅದಲ್ಲ ಸಾರ್. ಒಂದು ಮಾತು ಕೇಳಾಕೆ ಬಂದೆ. ಮಗು ಇಲ್ಲದಿದ್ರೆ ರಜ ಇಲ್ಲ ಅಂತ ಎಲ್ಲಿ ಬರದೈತೆ?"

"ಎಲ್ಲಿ ಅಂದ್ರೆ? ಕಾನೂನಿನಾಗೆ."

"ನೀವು ಓದೀರಾ?"

ಆ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಹಾಗೆ ಇದ್ದಿದ್ದರೆ ಅವನಿಗೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ನೋಟೀಸು ಓದಲು ಬಾರದ ಹೆಂಗಸರು ಅವಳನ್ನು ಕೇಳುವಂತೆಯೇ ಅವಳು ಅವನನ್ನು ಕೇಳಿದ್ದಳು.

"ಪದ್ಧತಿ ಹಂಗೈತೆ. ಮೊದ್ಲಿಂದ ಹಂಗೇ ಮಾಡ್ಕಂಡು ಬಂದೀವಿ."

"ಓದಿ ಹೇಳ್ರಿ ಸಾರ್. ಹಂಗೇ ಬರದಿದ್ರೆ ನಾನು ಸಹಿ ಹಾಕ್ತೀನಿ."

ಮರುಳಪ್ಪ ಆ ಪುಸ್ತಕವನ್ನು ಓದಿರಲಿಲ್ಲ. ಹನ್ನೊಂದು ವರ್ಷದ ಕೆಳಗೆ ಕೆಲಸಕ್ಕೆ ಸೇರಿದಾಗ ಆಗಿನ ಹಿರಿಯ ಗುಮಾಸ್ತರು ಬಾಯಲ್ಲಿ ಹೇಳಿಕೊಟ್ಟಿದ್ದನ್ನು ಹಾಗೇ ಪಾಲಿಸಿಕೊಂಡು ಬಂದಿದ್ದ. ಅವನ ಪುಸ್ತಕಗಳಲ್ಲಿ ಇದುವರೆಗೆ ಆಡಿಟರು ಒಂದು ಗೆರೆಯನ್ನೂ ತಿದ್ದಿದ್ದಿಲ್ಲ. ಅವಳು ಹೋದಮೇಲೆ ಬೀರುವಿನ ಕೆಳಗಿನ ಅಂಕಣ ತೆಗೆದು ನೋಡಿದ. ಕಾರ್ಖಾನೆಯ ಕಾನೂನು, ಬೋನಸ್ಸಿನ ಕಾನೂನು, ಅವುಗಳ ನಡುವೆ ಹೆರಿಗೆ ಸೌಲಭ್ಯದ ಕಾನೂನಿನ ತೆಳ್ಳನೆಯ ಪುಸ್ತಕ. ಇಂಗ್ಲಿಷಿನಲ್ಲಿತ್ತು. ಅಚ್ಚಾಗಿ ಬಂದಾಗ ಮಡಿಕೆಯಲ್ಲಿ ಕೂಡಿಕೊಂಡಿದ್ದ ಎಷ್ಟೋ ಹಾಳೆಗಳ ಅಂಚನ್ನು ಯಾರೂ ಕತ್ತರಿಸಿಯೇ ಇರಲಿಲ್ಲ. ಅಡಿಪಟ್ಟಿಯಿಂದ ಸೀಳಿಕೊಂಡು ಓದತೊಡಗಿದ.

ಅವನು ಹುಡುಕುತ್ತಿದ್ದದ್ದು ರಜೆಯ ಕಲಮನ್ನು. ಅದು ಸಿಗುವ ಮೊದಲೇ, ಯಾವ ಪದಕ್ಕೆ ಏನು ಅರ್ಥ ಎಂದು ವಿವರಿಸುವ ಶುರುವಿನ ಹಾಳೆಯಲ್ಲಿ, ಕಣ್ಣಿಗೆ ಒಂದು ಗಿಡ್ಡ ಸಾಲು ಬಿತ್ತು. ಮಗು ಎಂಬ ಪದದಲ್ಲಿ ಸತ್ತು ಹುಟ್ಟಿದ ಮಗುವೂ ಸೇರುತ್ತದೆ. ಅಷ್ಟೇ. ಮುಂದಿನ ಸಾಲಿನಲ್ಲಿ ಇನ್ಯಾವುದೋ ಪದ.

ಮರುಳಪ್ಪ ಅದನ್ನು ಎರಡು ಸಲ ಓದಿದ. ಡಿಕ್ಷನರಿ ತೆಗೆದು ಗೊತ್ತಿದ್ದ ಪದಗಳನ್ನೇ ಮತ್ತೆ ನೋಡಿದ. ಅನುಮಾನಕ್ಕೆ ಎಡೆಯಿರಲಿಲ್ಲ. ಇದನ್ನು ಬರೆದವರು ಯಾರೋ, ಯಾವ ಊರಿನವರೋ. ಯಾವುದೋ ಬಯಲಿನ ಗಿರಣಿಯಲ್ಲಿ ಕೂತ ಗುಮಾಸ್ತನೊಬ್ಬ ಮಗು ಇಲ್ಲವಲ್ಲ ಎಂದು ಹೇಳಿಯಾನು ಎಂಬುದನ್ನು ಅವರು ಮೊದಲೇ ಯೋಚಿಸಿದ್ದರು. ಯೋಚಿಸಿ, ಅವನಿಗೆ ಉತ್ತರವನ್ನೂ ಬರೆದಿಟ್ಟಿದ್ದರು. ಕಾನೂನು ಬಂದ ಹದಿನೆಂಟು ವರ್ಷದಿಂದ ಆ ಉತ್ತರ ಎಲ್ಲೆಲ್ಲೋ ಇತ್ತು. ಇಲ್ಲಿ, ಅವನ ಕುರ್ಚಿಯಿಂದ ಆರು ಹೆಜ್ಜೆ ದೂರದಲ್ಲಿ, ಅಂಚು ಕತ್ತರಿಸದ ಹಾಳೆಯಲ್ಲಿತ್ತು.

ಸಂಜೆಯ ಸೈರನ್ ಆದಮೇಲೆ ಮ್ಯಾನೇಜರ್ ಮಲ್ಲೇಶಪ್ಪನವರ ಕೋಣೆಗೆ ಹೋಗಿ ಪುಸ್ತಕವನ್ನು ಬಿಚ್ಚಿ ಮುಂದಿಟ್ಟ. ಮಲ್ಲೇಶಪ್ಪ ಕನ್ನಡಕ ಏರಿಸಿ ಓದಿದರು.

"ಹೌದಲ್ಲೋ," ಎಂದರು. ಕನ್ನಡಕ ಕೆಳಗಿಟ್ಟು, "ಆಕೆ ಸಹಿ ಹಾಕ್ತಾಳೆ ಅಂದಿದ್ದಿಯಲ್ಲ?" ಎಂದರು.

"ಹಾಕ್ತಿದ್ಲು ಸಾರ್. ಇದನ್ನ ತೋರಿಸ್ದೆ ಹೋದ್ರೆ ನಾಳೇನೇ ಹಾಕ್ತಾಳೆ."

"ಮತ್ತೆ?"

"ತೋರಿಸ್ಬೇಕಲ್ಲ ಸಾರ್."

"ಮಾಲೀಕರಿಗೆ ಏನಂತ ಹೇಳ್ಲಿ? ಕಾಯಂನಿಂದ ತೆಗೆದೀವಿ, ಸಂಬಳ ಹಿಡಿದೀವಿ. ಯಾರು ಮಾಡಿದ್ದು ಅಂತ ಕೇಳ್ತಾರೆ."

"ಮರುಳಪ್ಪ ಮಾಡಿದ್ದು ಅಂತ ಹೇಳ್ರಿ."

ಮಲ್ಲೇಶಪ್ಪ ಕೆಟ್ಟ ಮನುಷ್ಯರಲ್ಲ. ತಂಟೆಯಿಲ್ಲದೆ ದಿನ ಹೋದರೆ ಸಾಕು ಎನ್ನುವವರು. ಕೊನೆಗೆ, "ಸರಿಮಾಡು. ಕಾಗದ ತಂದ್ರೆ ಸಹಿ ಹಾಕ್ತೀನಿ," ಎಂದರು.

ಬಾಗಿಲವರೆಗೆ ಹೋದ ಮರುಳಪ್ಪ ಅಲ್ಲಿಯೇ ನಿಂತ. "ಇನ್ನೊಬ್ಬಾಕೆ ಇದ್ಲು ಸಾರ್. ಶಿವಗಂಗಮ್ಮ. ನೂಲಿನ ಕಂಡಿಕೆ ಸುತ್ತೋ ಖಾತೆಯಾಗೆ. ಎಪ್ಪತ್ಮೂರನೇ ಇಸ್ವಿ."

"ಆಕೆ ಬಿಟ್ಟೋದ್ಲಲ್ಲ."

"ಹೂಂ. ಇದಕ್ಕೇ ಬಿಟ್ಟೋದ್ಲು."

ಮರುದಿನ ಹೊನ್ನೂರಮ್ಮನನ್ನು ಕರೆಸಿದ. ಈ ಸಲ ಅವಳು ಕೂತಳು. ಅವನು ಪುಸ್ತಕದಲ್ಲಿದ್ದ ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದವನ್ನು ಕನ್ನಡದಲ್ಲಿ ಹೇಳಿದ. ಅವಳು ಇನ್ನೊಮ್ಮೆ ಹೇಳಿರೆಂದಳು. ಹೇಳಿದ.

"ಮಗು ಅಂತಾನೇ ಬರದೈತಾ ಸಾರ್?"

"ಮಗು ಅಂತಾನೇ."

ಅವಳು ಸೆರಗನ್ನು ಬಾಯಿಗೊತ್ತಿಕೊಂಡು ಕೂತಳು. ಆಸ್ಪತ್ರೆಯಿಂದ ಬಂದ ದಿನ ಬಿಟ್ಟರೆ ಅವಳು ಅತ್ತದ್ದು ಆಗಲೇ. ಮರುಳಪ್ಪ ಕಿಟಕಿಯ ಕಡೆ ತಿರುಗಿ, ಇಲ್ಲದ ಕೆಲಸ ಹುಡುಕಿಕೊಂಡು, ಪೆನ್ನಿನ ಮುಳ್ಳನ್ನು ಒರೆಸುತ್ತ ನಿಂತ. ಆಮೇಲೆ, "ನನ್ನ ತಪ್ಪು ಕಣವ್ವ. ಓದ್ಬೇಕಿತ್ತು, ಓದ್ಲಿಲ್ಲ," ಎಂದ. ಪರವಾಗಿಲ್ಲ ಎನ್ನಲು ಅವಳಿಗೆ ಮನಸ್ಸಾಗಲಿಲ್ಲ, ಅವನೂ ಅದನ್ನು ನಿರೀಕ್ಷಿಸಲಿಲ್ಲ.

ನಲವತ್ತೆರಡು ಕೆಂಪು ಅಕ್ಷರಗಳ ಮೇಲೂ ಅವನು ಒಂದೊಂದು ಗೆರೆ ಎಳೆದ. ಪ್ರತಿಯೊಂದರ ಮಗ್ಗುಲಲ್ಲಿ 'ಹೆ.ರ.' ಎಂದು ಬರೆದು ಪುಟ್ಟ ಸಹಿ ಹಾಕಿದ. ಒಟ್ಟಿಗೆ ಒಂದು ಗೆರೆ ಎಳೆದು ಮುಗಿಸಬಹುದಿತ್ತು. ಹಾಗೆ ಮಾಡಲಿಲ್ಲ. ಆ ಪುಟ ಆಮೇಲೆ ಎಷ್ಟು ಕೊಳಕಾಗಿ ಕಂಡಿತೆಂದರೆ, ಅವನ ಪುಸ್ತಕವೆಂದು ಯಾರೂ ನಂಬುವಂತಿರಲಿಲ್ಲ. ಕಾಯಂ ಪಟ್ಟಿಯಲ್ಲಿ ಅವಳ ಹೆಸರು ಹಳೆಯ ಜಾಗಕ್ಕೆ ಬಂತು. ತಡೆದಿದ್ದ ಸಂಬಳ ತಿಂಗಳ ಕೊನೆಗೆ ಬಂತು. ಬಿಲ್ಲೆ ಗೇಟಿನ ಹಲಗೆಗೆ ಹೋಯಿತು.

ಶಿವಗಂಗಮ್ಮನ ಹೆಸರನ್ನು ಹೊನ್ನೂರಮ್ಮನಿಗೆ ಹೇಳಿದವನೂ ಮರುಳಪ್ಪನೇ. ಅವಳು ಸೇರುವ ತುಸು ಮೊದಲೇ ಬಿಟ್ಟುಹೋದ ಹೆಂಗಸು. ಹೊನ್ನೂರಮ್ಮ ಕಂಡಿಕೆ ಖಾತೆಯ ಹಳಬರನ್ನು ವಿಚಾರಿಸಿದಳು. ಈಗ ನ್ಯಾಮತಿಯಲ್ಲಿ ಅಣ್ಣನ ಮನೆಯ ಹತ್ತಿರ ಇದ್ದಾಳೆ, ಊಟದೆಲೆ ಹಚ್ಚಿ ಮಾರುತ್ತಾಳೆ ಎಂದು ತಿಳಿಯಿತು.

"ಹೋಗಿ ಹೇಳ್ಬೇಕು ಸಾರ್," ಎಂದಳು.

"ಆಕೆಗೆ ಈಗ ದುಡ್ಡು ಕೊಡಾಕೆ ಮಾಲೀಕರು ಒಪ್ಪಲ್ಲ. ಕೇಳಿ ನೋಡ್ದೆ. ಬರಿಗೈಯಾಗೆ ಹೋಗಿ ಏನಂತ ಹೇಳೋದು?"

"ನನಗೆ ಹೇಳಿದ್ರಲ್ಲ, ಅದನ್ನೇ."

ನವೆಂಬರಿನ ಒಂದು ಭಾನುವಾರ ಮೂವರೂ ಹೊರಟರು. ಗಂಡನಿಲ್ಲದೆ ಹೋಗುವುದು ಬೇಡವೆಂದು ಪಾಪಣ್ಣ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಬಂದಿದ್ದ. ದಾವಣಗೆರೆಯಲ್ಲಿ ಒಂದು ಬಸ್ಸು ಬದಲಿಸಿ, ಹೊನ್ನಾಳಿಯಲ್ಲಿ ಇನ್ನೊಂದಕ್ಕೆ ಕಾಯುವಾಗ ಮಂಡಕ್ಕಿ ಮೆಣಸಿನಕಾಯಿ ತಿಂದರು. ಮರುಳಪ್ಪ ದಾರಿಯುದ್ದಕ್ಕೂ ಹೆಚ್ಚು ಮಾತಾಡಲಿಲ್ಲ. ಆ ತೆಳ್ಳನೆಯ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದ.

ಶಿವಗಂಗಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಮುತ್ತುಗದ ಎಲೆಯ ರಾಶಿ ಹಾಕಿಕೊಂಡು ಕೂತಿದ್ದಳು. ಮರುಳಪ್ಪನನ್ನು ಕಂಡಕೂಡಲೆ ಗುರುತು ಹಿಡಿದಳು. ಕೂರಿರಿ ಎನ್ನಲಿಲ್ಲ. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಪುಸ್ತಕ ತೆಗೆದು ಸಾಲು ತೋರಿಸಿದ. ತನ್ನ ತಪ್ಪೆಂದ. ಅವಳ ಕೈ ಕೆಲಸ ನಿಲ್ಲಿಸಲಿಲ್ಲ. ಎಲೆಗೆ ಎಲೆ ಸೇರಿಸಿ ಕಡ್ಡಿ ಚುಚ್ಚುತ್ತಲೇ ಇದ್ದಳು.

"ಆರು ವರ್ಷ ಆದಮೇಲೆ ಹೇಳಾಕೆ ಬಂದೀರಾ?" ಎಂದಳು ಕೊನೆಗೆ. "ಅವತ್ತು ನಿಮ್ಮ ಮೇಜಿನ ಮುಂದೆ ನಿಂತು ಅತ್ತೆ. ಅತ್ರೆ ಏನು ಬಂತು ಅಂದ್ರಿ. ನಂಗೆ ನೆನಪೈತೆ. ನಿಮಗೈತೋ ಇಲ್ವೋ."

"ಐತೆ," ಎಂದ ಮರುಳಪ್ಪ.

"ಹಂಗಾದ್ರೆ ಆತು ಬಿಡ್ರಿ. ಹೋಗ್ರಿ."

ಅವನು ತಲೆ ತಗ್ಗಿಸಿ ಬೀದಿಗಿಳಿದ. ಪಾಪಣ್ಣನೂ ಅವನ ಹಿಂದೆ ಹೋಗಿ ಬೇವಿನ ಮರದ ಕೆಳಗೆ ನಿಂತ. ಹೊನ್ನೂರಮ್ಮ ಹೋಗಲಿಲ್ಲ. ಕಟ್ಟೆಯ ತುದಿಯಲ್ಲಿ ಕೂತು, ಯಾರೂ ಹೇಳದಿದ್ದರೂ ಎಲೆಗಳನ್ನು ಒರೆಸಿ ಒಂದೊಂದಾಗಿ ಶಿವಗಂಗಮ್ಮನ ಕೈಗೆ ಕೊಡತೊಡಗಿದಳು. ಹೀಗೆ ಐದಾರು ಊಟದೆಲೆ ಆದವು.

"ನಿಂದು ಯಾವುದು?" ಎಂದಳು ಶಿವಗಂಗಮ್ಮ.

"ಹೆಣ್ಣು ಅಕ್ಕ. ಶ್ರಾವಣದಾಗೆ. ನಿಮ್ದು?"

"ಗಂಡು. ತಲೆತುಂಬ ಕೂದ್ಲಿತ್ತು ಕಣೆ. ಹುಟ್ಟಿದ ಕೂಸಿಗೆ ಅಷ್ಟು ಕೂದ್ಲು ನಾನು ನೋಡೇ ಇಲ್ಲ."

"ನಮ್ಮದಕ್ಕೆ ಮೂಗು ನಮ್ಮತ್ತೇದು. ಹಂಗೇ ಚೂಪು."

ಮಗುವಿನ ಮೂಗಿನ ವಿಷಯವನ್ನು ಹೊನ್ನೂರಮ್ಮ ಅಲ್ಲಿಯವರೆಗೆ ಯಾರಿಗೂ, ಪಾಪಣ್ಣನಿಗೂ ಹೇಳಿರಲಿಲ್ಲ. ಇಬ್ಬರೂ ಎಷ್ಟು ಹೊತ್ತು ಮಾತಾಡಿದರೋ, ಮರದ ಕೆಳಗಿದ್ದವರಿಗೆ ಎರಡು ಬಸ್ಸು ತಪ್ಪಿದವು. ಎದ್ದು ಬರುವಾಗ ಶಿವಗಂಗಮ್ಮ ಒಂದು ಮಾತು ಹೇಳಿಕಳಿಸಿದಳು. ಕೆಲಸವೂ ಬೇಡ, ದುಡ್ಡೂ ಬೇಡ. ಆವಾಗ ತಾನು ಹೇಳದೆ ಕೇಳದೆ ಗೈರುಹಾಜರಾಗಿ ಕೆಲಸ ಕಳೆದುಕೊಂಡೆನೆಂದು ಊರೆಲ್ಲ ಆಡಿಕೊಂಡಿತ್ತು, ಅಣ್ಣನೂ ಅದನ್ನೇ ನಂಬಿದ್ದ. ಹಾಗಲ್ಲವೆಂದು ಗಿರಣಿಯ ಸೀಲು ಹಾಕಿದ ಕಾಗದವೊಂದು ಬೇಕು.

ಮರುಳಪ್ಪ ಅದನ್ನು ಸೋಮವಾರವೇ ಬರೆದ. ಹರಿದು ಹರಿದು ನಾಲ್ಕನೆಯ ಸಲಕ್ಕೆ ಸರಿಯಾಯಿತು. ೧೯೭೩ರಲ್ಲಿ ಶ್ರೀಮತಿ ಶಿವಗಂಗಮ್ಮನವರು ತಮ್ಮ ಮಗುವಿನ ಹೆರಿಗೆಯ ನಿಮಿತ್ತ ಹಕ್ಕಿನ ರಜೆಯಲ್ಲಿದ್ದರು, ಗೈರುಹಾಜರಿ ಎಂದು ನಮೂದಿಸಿದ್ದು ಕಚೇರಿಯ ತಪ್ಪು, ಎಂದಿತ್ತು. ಮಲ್ಲೇಶಪ್ಪ ತಮ್ಮ ಹೆಸರಿನ ಮೇಲೆ ಪೆನ್ನು ಹಿಡಿದು ಬಹಳ ಹೊತ್ತು ಕೂತು, ನಂತರ ಸಹಿ ಹಾಕಿದರು. ರಿಜಿಸ್ಟರ್ಡ್ ಅಂಚೆಯ ಖರ್ಚನ್ನು ಮರುಳಪ್ಪ ಆಫೀಸಿನ ಲೆಕ್ಕಕ್ಕೆ ಬರೆಯಲಿಲ್ಲ. ಎಂಟು ದಿನಕ್ಕೆ ನ್ಯಾಮತಿಯಿಂದ ಸ್ವೀಕೃತಿ ಚೀಟಿ ಬಂತು. ಅದರ ಮೇಲೆ ಅವಳದಲ್ಲ, ಅವಳ ಅಣ್ಣನ ಸಹಿ ಇತ್ತು.